ನೀರು ಬೇಡದ ಮೋಟಾರು

ಎಂಜಿನ್ನಿನೊಳಗೆ ಉರಿಯುವ ಪೆಟ್ರೋಲಿನಿಂದ ಹುಟ್ಟುವ ಶಾಖದಲ್ಲಿ ಒಂದು ಅಂಶ ಮಾತ್ರವೇ ಚಕ್ರಗಳನ್ನು ತಿರುಗಿಸುವ ಶಕ್ತಿಯಾಗಿ ಪರಿಣಮಿಸುವುದು; ಉಳಿದುದನ್ನು ಹೊರಗಟ್ಟದಿದ್ದರೆ ಲೋಹವೇ ಸೋತುಹೋಗುವುದು. ಬಹುತೇಕ ಕಾರುಗಳು ಈ ಕಾರ್ಯವನ್ನು ರೇಡಿಯೇಟರಿನ ನೀರಿಗೆ ಒಪ್ಪಿಸಿವೆ. ಆದರೆ 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆಯು ಜರ್ಮನಿಯ ಜನಸಾಮಾನ್ಯರಿಗೆಂದು ರೂಪಿಸಿದ, ಜೀರುಂಡೆಯ ಬೆನ್ನಿನಂತೆ ಉಬ್ಬಿದ ಒಡಲಿನ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ರೇಡಿಯೇಟರೇ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರು, ಕಾರನ್ನು ಬಯಲಿನಲ್ಲಿಯೇ ನಿಲ್ಲಿಸಬೇಕಾದ ಬಡ ಒಡೆಯ, ಇವೆರಡನ್ನೂ ಗಮನಿಸಿ, ಹಿಂಬದಿಯಲ್ಲಿಟ್ಟ ನಾಲ್ಕು ಸಿಲಿಂಡರುಗಳ ಎಂಜಿನ್ನನ್ನು ತಣಿಸುವ ಭಾರವನ್ನು ಗಾಳಿಗೇ ವಹಿಸಲಾಯಿತು.

ಈ ವಾಹನದ ಆರಂಭದ ಚರಿತ್ರೆ ನಿಷ್ಕಳಂಕವಾದುದಲ್ಲ. ನಾಜಿ ಪ್ರಭುತ್ವವು ಇದನ್ನು ಜನತೆಗೆ ವಾಗ್ದಾನ ಮಾಡಿ, ಕಂತುಕಂತಾಗಿ ಹಣ ತೆತ್ತವರಿಗೆ ಕೊಡದೆಯೇ, ಅದಕ್ಕಾಗಿ ಕಟ್ಟಿದ ಕಾರ್ಖಾನೆಯನ್ನು ಯುದ್ಧಕ್ಕೆ ದುಡಿಸಿತು. ಅಲ್ಲಿ ಬಲವಂತದ ದುಡಿಮೆಗೆ ಗುರಿಯಾದವರ ಸಂಕಟವನ್ನು ಮರೆತು ಕಾರಿನ ಚೆಲುವನ್ನು ಮಾತ್ರ ಹೊಗಳುವುದು ಉಚಿತವಲ್ಲ. 1945ರಲ್ಲಿ ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಉತ್ಪಾದನೆ ಪುನರಾರಂಭವಾಯಿತು. ಮೆಕ್ಸಿಕೋ ದೇಶದ ಪುಯೆಬ್ಲಾದಲ್ಲಿ 2003ರ ಜುಲೈ 30ರಂದು ಕೊನೆಯ ಕಾರು ಹೊರಬರುವ ವೇಳೆಗೆ ಒಟ್ಟು ಸಂಖ್ಯೆ 2 ಕೋಟಿ 15 ಲಕ್ಷವನ್ನು ಮೀರಿತ್ತು. ಇಷ್ಟು ವಿಪುಲವಾಗಿ ತಯಾರಾದುದರಿಂದಲೇ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಹಳೆಯ ಬೀಟಲನ್ನು ಮನೆಯಂಗಳದಲ್ಲಿ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಅಮೆರಿಕೆಯಿಂದ ಬ್ರೆಜಿಲಿನವರೆಗೂ ಇದ್ದಾರೆ.

ಬಿಚ್ಚುವುದಕ್ಕೆ ಈ ಕಾರು ತಾನಾಗಿಯೇ ಒಡ್ಡಿಕೊಳ್ಳುತ್ತದೆ. ಎಂಜಿನ್ನು ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ನಾಲ್ಕೇ ಬೋಲ್ಟುಗಳಿಂದ; ಮೇಲಿನ ಒಡಲು ಕೆಳಗಿನ ತಳಹದಿಗೆ ಬೋಲ್ಟುಗಳಿಂದಲೇ ಬಿಗಿಯಲ್ಪಟ್ಟಿರುವುದರಿಂದ ಅವನ್ನು ಕಳಚಿ ಅದನ್ನು ಎತ್ತಿ ಬೇರ್ಪಡಿಸಬಹುದು. ಆಗ ಕಣ್ಣಿಗೆ ಬೀಳುವುದು ತುಕ್ಕು. ಹಿಂದಿನ ಆಸನದ ಕೆಳಗೆ ಬ್ಯಾಟರಿ ಕುಳಿತಿದ್ದ ಜಾಗದಲ್ಲಿ ಆಮ್ಲ ಸೋರಿ ತಗಡು ಜಾಳುಜಾಳಾಗಿರುತ್ತದೆ. ಬಾಗಿಲ ಕೆಳಗೆ ಎರಡೂ ಪಕ್ಕದಲ್ಲಿ ಹಾಯ್ದಿರುವ, ಚಳಿಗಾಲದಲ್ಲಿ ಬಿಸಿಗಾಳಿಯನ್ನು ಒಳಕ್ಕೆ ಒಯ್ಯುವ ಪೊಳ್ಳು ಕೊಳವೆಗಳು ಒಳಗಿನಿಂದಲೇ ಕೊರೆದುಹೋಗಿರುತ್ತವೆ. ಅವು ಬರಿಯ ಗಾಳಿಯ ಹಾದಿಗಳಲ್ಲ, ಇಡೀ ಒಡಲಿನ ಬಲವೇ ಅವುಗಳಲ್ಲಿದೆ. ಬಾಗಿಲಿನ ತೆರಪಿಗೆ ಅಡ್ಡ ಕಂಬಿಗಳನ್ನು ವೆಲ್ಡ್ ಮಾಡಿ ಆಕಾರವನ್ನು ಹಿಡಿದಿಟ್ಟುಕೊಳ್ಳದೆ ಆ ಕೊಳವೆಗಳನ್ನು ಕತ್ತರಿಸಿದವನ ಕಾರು ಕುಸಿದು, ಬಾಗಿಲುಗಳು ಮುಂದೆಂದೂ ಸರಿಯಾಗಿ ಮುಚ್ಚಲಾರವು.

ಆದರೆ ಈ ಕಾರಿನ ನಿಜವಾದ ಮರ್ಮವಿರುವುದು ಗಾಳಿಯ ಹಾದಿಯಲ್ಲಿ. ಎಂಜಿನ್ನಿನ ನೆತ್ತಿಯ ಮೇಲಿನ ಜನರೇಟರಿನ ದಂಡಕ್ಕೇ ಫ್ಯಾನನ್ನು ಜೋಡಿಸಿ, ಒಂದೇ ಬೆಲ್ಟಿನಿಂದ ಎರಡನ್ನೂ ತಿರುಗಿಸಲಾಗುವುದು. ಆದುದರಿಂದ ಓಡುತ್ತಿರುವಾಗ ಜನರೇಟರಿನ ಕೆಂಪು ದೀಪ ಹೊತ್ತಿತೆಂದರೆ ಬೆಲ್ಟು ಹರಿದು ತಂಪೂ ನಿಂತಿರಬಹುದೆಂದು ತಿಳಿದು ಆ ಕ್ಷಣವೇ ಕಾರನ್ನು ನಿಲ್ಲಿಸಬೇಕು. ಫ್ಯಾನು ಸೆಳೆದ ಗಾಳಿ ಚದರಿಹೋಗದೆ ಸಿಲಿಂಡರುಗಳ ರೆಕ್ಕೆಗಳ ನಡುವೆಯೇ ಹಾಯುವಂತೆ ಸುತ್ತಲೂ ತಗಡಿನ ಹೊದಿಕೆಗಳಿವೆ. ಎಂಜಿನ್ನಿನ ಕೋಣೆಯ ಅಂಚಿನಲ್ಲಿ ಒಂದು ರಬ್ಬರು ಪಟ್ಟಿ, ಕೆಳಗೆ ಇಳಿದ ಬಿಸಿಗಾಳಿ ಮೇಲಿನ ತಣ್ಣನೆಯ ಗಾಳಿಯೊಡನೆ ಮತ್ತೆ ಬೆರೆಯದಂತೆ ತಡೆಯುತ್ತದೆ. ಅಂದಕ್ಕೆ ಅಡ್ಡಿಯೆಂದು ತಗಡುಗಳನ್ನು ತೆಗೆದೆಸೆಯುವವರೂ, ಬಿರಿದ ರಬ್ಬರನ್ನು ಹಾಗೆಯೇ ಬಿಡುವವರೂ ಉಂಟು; ಅಂಥವರ ಎಂಜಿನ್ನು ತಾನು ಉಸಿರ್ಗರೆದ ಬಿಸಿಯನ್ನು ತಾನೇ ಮತ್ತೆ ಕುಡಿಯುತ್ತದೆ.

ರೂಪಾಂತರದ ಹವ್ಯಾಸಕ್ಕೆ ನಾನು ವಿರೋಧಿಯಲ್ಲ. ಬ್ರೂಸ್ ಮೇಯರ್ಸ್ ಎಂಬವರು 1964ರಲ್ಲಿ ಫೈಬರ್‌ಗ್ಲಾಸಿನ ಹಗುರ ಒಡಲಿಗೆ ಬೀಟಲಿನ ಯಂತ್ರಾಂಗಗಳನ್ನು ಕೂಡಿಸಿ ಕ್ಯಾಲಿಫೋರ್ನಿಯಾದ ಮರಳ ದಿಬ್ಬಗಳ ಮೇಲೆ ಓಡಿಸಿದುದು ಸೃಜನಶೀಲತೆಯೇ. ಮುಂಭಾಗವನ್ನು ತಗ್ಗಿಸಿ, ಅಲಂಕಾರಗಳನ್ನು ಕಳಚಿ, ಎಂಜಿನ್ನಿಗೆ ಬಲ ತುಂಬಿದ ಅಲ್ಲಿನ ತರುಣರ ಶೈಲಿಗೂ ತನ್ನದೇ ಆದ ಗಾಂಭೀರ್ಯವಿದೆ. 1600 ಸಿ.ಸಿ. ಎಂಜಿನ್ನಿನ 85.5 ಮಿ.ಮೀ. ಪಿಸ್ಟನ್ನುಗಳ ಬದಲು 90.5 ಮಿ.ಮೀ. ಪಿಸ್ಟನ್ನುಗಳನ್ನು ಕೂಡಿಸಿದರೆ ಅದು 1776 ಸಿ.ಸಿ. ಆಗುವುದು. ಆದರೆ ಹೆಚ್ಚಿದ ಶಕ್ತಿಯೊಡನೆ ಶಾಖವೂ ಹೆಚ್ಚುವುದು, ಅದನ್ನು ಒಯ್ಯಬೇಕಾದುದು ಅದೇ ಗಾಳಿ. ಗಾಳಿಯ ಹಾದಿಯನ್ನು ಸರಿಪಡಿಸದೆ ಶಕ್ತಿಯನ್ನು ಬೆನ್ನಟ್ಟುವುದು ನನ್ನ ದೃಷ್ಟಿಯಲ್ಲಿ ಅವಿವೇಕ.

ಈ ಹವ್ಯಾಸಕ್ಕೆ ಕೈಹಾಕಲಿರುವವರಲ್ಲಿ ನನ್ನದೊಂದು ವಿನಂತಿ. ಬಣ್ಣಕ್ಕೂ ಹೊಳಪಿನ ಚಕ್ರಗಳಿಗೂ ಹಣ ತೆಗೆಯುವ ಮುನ್ನ ಎಂಜಿನ್ನಿಗೆ ಪೆಟ್ರೋಲು ತರುವ ರಬ್ಬರು ಕೊಳವೆಗಳನ್ನು ಬದಲಿಸಿರಿ. ವಯಸ್ಸಾದ ಕೊಳವೆ ಬಿರಿದು ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿ ಹತ್ತುವುದು. ಎಂಜಿನ್ನಿನ ಒಡಲು ಮ್ಯಾಗ್ನೀಸಿಯಂ ಮಿಶ್ರಲೋಹದ್ದಾದುದರಿಂದ, ಅದಕ್ಕೆ ಒಮ್ಮೆ ಉರಿ ಹಿಡಿದರೆ ಆರಿಸುವುದು ಬಹು ಕಷ್ಟ. ಹೊಸ ಕೊಳವೆಗೆ ತಗಲುವ ವೆಚ್ಚ ಅತ್ಯಲ್ಪ.