ಶಾಖಕ್ಕೆ ಸೋಲುವ ಕಿಣ್ವಗಳು: ತಯಾರಿಕೆ ಮತ್ತು ಲೆಕ್ಕಾಚಾರ

ಮರ್ಫಿ ಟೌನ್, ಹಲಸೂರಿನಂತಹ ಬಡಾವಣೆಗಳ ಸಣ್ಣ ಬೇಕರಿಗಳಿಗೂ ಜೈವಿಕ ತಂತ್ರಜ್ಞಾನಕ್ಕೂ ಇರುವ ನಂಟು ಹೊರನೋಟಕ್ಕೆ ಕಾಣುವಂಥದ್ದಲ್ಲ. ಬ್ರೆಡ್ ಇಂಪ್ರೂವರ್ ಎಂದು ಮೈದಾಹಿಟ್ಟಿಗೆ ಬೆರೆಸುವ ಪುಡಿಯಲ್ಲಿ ಸಾಮಾನ್ಯವಾಗಿ ಅಮೈಲೇಸ್ ಎಂಬ ಕಿಣ್ವವಿರುತ್ತದೆ. ಅದು ಪಿಷ್ಟವನ್ನು ಒಡೆದು ಯೀಸ್ಟಿಗೆ ಸಕ್ಕರೆಯನ್ನು ಒದಗಿಸುತ್ತದೆ. ಶಿಲೀಂಧ್ರ ಮೂಲದ ಅಮೈಲೇಸ್ ಶಾಖಕ್ಕೆ ಬೇಗನೆ ಸೋಲುವುದರಿಂದ, ಬ್ರೆಡ್ ಬೇಯುತ್ತಿರುವಾಗಲೇ ತನ್ನ ಕೆಲಸ ನಿಲ್ಲಿಸುತ್ತದೆ. ಶಾಖ ತಾಳುವ ಬ್ಯಾಕ್ಟೀರಿಯಾ ಮೂಲದ ಅಮೈಲೇಸ್ ಮಿತಿಮೀರಿದರೆ ಬ್ರೆಡ್ಡಿನ ಒಳಭಾಗ ಅಂಟಂಟಾಗುತ್ತದೆ. ದೌರ್ಬಲ್ಯವೆಂದು ತೋರುವುದೇ ಇಲ್ಲಿ ಗುಣವಾಗಿದೆ.

ತಯಾರಿಕೆಯ ಬಗೆ

ಜೀನ್ ಮರುಸಂಯೋಜನೆಯಲ್ಲಿ, ಬೇಕಾದ ಕಿಣ್ವದ ಜೀನನ್ನು ಸುಲಭವಾಗಿ ಬೆಳೆಯುವ ಬೇರೊಂದು ಸೂಕ್ಷ್ಮಜೀವಿಗೆ ಸೇರಿಸಲಾಗುತ್ತದೆ. ಹುದುಗು ತೊಟ್ಟಿಯಲ್ಲಿ ಆ ಜೀವಿ ಬೆಳೆದಂತೆ ಕಿಣ್ವವೂ ಉತ್ಪತ್ತಿಯಾಗುತ್ತದೆ. ಡೆನ್ಮಾರ್ಕಿನ ನೋವೊ ಸಂಸ್ಥೆ 1988ರಲ್ಲಿ ಇದೇ ವಿಧಾನದ ಲಿಪೊಲೇಸ್ ಕಿಣ್ವವನ್ನು ಡಿಟರ್ಜೆಂಟ್ ಉದ್ಯಮಕ್ಕಾಗಿ ಮಾರುಕಟ್ಟೆಗೆ ತಂದಿತು. ಶಾಖಸೂಕ್ಷ್ಮ ಕಿಣ್ವಗಳಾದರೆ ಹಲವು ಬಾರಿ ತೊಟ್ಟಿಯ ತಾಪವನ್ನೂ ತಗ್ಗಿಸಬೇಕಾಗುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೆಳೆದರೂ ಅನೇಕ ಪ್ರೋಟೀನುಗಳು ಅಲ್ಲಿ ಸರಿಯಾದ ಆಕಾರ ಪಡೆಯದೆ ಗಂಟುಕಟ್ಟುತ್ತವೆ. ತಾಪ ತಗ್ಗಿಸಿದರೆ ಬೆಳವಣಿಗೆ ನಿಧಾನವಾದರೂ ಉಪಯುಕ್ತ ಕಿಣ್ವ ಹೆಚ್ಚು ದೊರೆಯಬಹುದು. ಶುದ್ಧೀಕರಣವೂ ತಂಪಿನಲ್ಲಿಯೇ ನಡೆಯಬೇಕು. ವಿದ್ಯುತ್ ವೆಚ್ಚ ಏರುವುದು ಇಲ್ಲಿಯೇ.

ಬೆಂಗಳೂರಿನ ಹಾದಿ

1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಷಾ ಆರಂಭಿಸಿದ ಬಯೋಕಾನ್, ಪರಂಗಿಕಾಯಿಯ ಹಾಲಿನಿಂದ ಪಪೈನ್ ಕಿಣ್ವ ತೆಗೆಯುವುದರಿಂದ ಮೊದಲಾಗಿ ಮುಂದೆ ಹುದುಗುವಿಕೆಯತ್ತ ಹೊರಳಿತು. 2007ರಲ್ಲಿ ಅದು ತನ್ನ ಕಿಣ್ವ ವ್ಯವಹಾರವನ್ನು 11.5 ಕೋಟಿ ಡಾಲರಿಗೆ ಡೆನ್ಮಾರ್ಕಿನ ನೋವೊಜೈಮ್ಸ್‌ಗೆ ಮಾರಿ, ಔಷಧ ತಯಾರಿಕೆಗೆ ಒತ್ತು ನೀಡಿತು.

ಖರೀದಿದಾರರ ಲೆಕ್ಕ

ಕಿಣ್ವವನ್ನು ಕಿಲೋ ಲೆಕ್ಕದಲ್ಲಿ ಕೊಂಡರೂ ಬಳಸುವುದು ಅದರ ಕ್ರಿಯಾಬಲವನ್ನು. ಕಿಲೋಗೆ 1,000 ರೂ. ತೆತ್ತು ತಂದ ಸರಕು ಗೋದಾಮಿನ ಬಿಸಿ ಮತ್ತು ತೇವದಿಂದ ಶೇ. 20ರಷ್ಟು ಬಲ ಕಳೆದುಕೊಂಡಿತೆಂದು ಭಾವಿಸಿದರೆ, ಮೂಲ ಬಲದ ಒಂದು ಕಿಲೋಗೆ ಬಿದ್ದ ನಿಜವಾದ ದರ 1,250 ರೂ. ತೂಕ ಕಡಿಮೆಯಾಗದ ಕಾರಣ ಈ ನಷ್ಟ ದಾಸ್ತಾನು ಪುಸ್ತಕದಲ್ಲಿ ಕಾಣುವುದಿಲ್ಲ. ಬ್ಯಾಚ್ ಕೆಟ್ಟಾಗಲಷ್ಟೇ ತಿಳಿಯುತ್ತದೆ. ಆದುದರಿಂದ ಪ್ರತಿ ಬ್ಯಾಚಿನ ಪರೀಕ್ಷಾ ವರದಿಯಲ್ಲಿ ಕ್ರಿಯಾಬಲದ ಅಂಕಿ, ತಯಾರಿಕೆಯ ದಿನಾಂಕ ಹಾಗೂ ಸಂಗ್ರಹಣಾ ತಾಪವನ್ನು ನೋಡಿಯೇ ಹಣ ಪಾವತಿಸುವುದು ಒಳಿತು. ರಿಯಾಯಿತಿಗೆ ಮರುಳಾಗಿ ವರ್ಷದ ಸರಕನ್ನು ಒಮ್ಮೆಲೇ ತುಂಬಿಕೊಳ್ಳದೆ, ಅಗತ್ಯವಿದ್ದಷ್ಟೇ ಕೊಂಡು, ಮೊದಲು ಬಂದದ್ದನ್ನು ಮೊದಲು ಬಳಸುವುದೇ ಲಾಭದ ದಾರಿ.