ಮಳೆ ಉಳಿಸಿದ ಕಲ್ಲು

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕಸುಬು, ವ್ಯಾಪಾರಗಳ ಸ್ಥಿತಿಗತಿಯನ್ನು ಅರಿತುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ನಿಯುಕ್ತನಾಗಿ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್, ಮೈಸೂರನ್ನು ಹಾದು ಮಲಬಾರಿಗೆ ಇಳಿದು, ಅಂಗಾಡಿಪುರಂ ಎಂಬಲ್ಲಿ ವಿಚಿತ್ರವಾದ ಶಿಲೆಯೊಂದನ್ನು ಕಂಡನು. ನೆಲದೊಳಗಿರುವಾಗ ಅದು ಕಬ್ಬಿಣದ ಹತಾರಕ್ಕೆ ಸುಲಭವಾಗಿ ಮಣಿಯುವಷ್ಟು ಮೃದು. ಕಡಿದು ಗಾಳಿಗೊಡ್ಡಿದ ತರುವಾಯ ಇಟ್ಟಿಗೆಯಷ್ಟೇ ಕಠಿಣ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸವೃತ್ತಾಂತದಲ್ಲಿ ಆತನು ಅದನ್ನು ಲ್ಯಾಟರೈಟ್ ಎಂದು ಕರೆದನು. ಭೂವಿಜ್ಞಾನದ ಗ್ರಂಥಗಳಲ್ಲಿ ಆ ಹೆಸರೇ ನೆಲೆಗೊಂಡಿತು. ನಮ್ಮ ಕರಾವಳಿಯವರು ಮಾತ್ರ, ಹೆಸರಿಡುವವನೊಬ್ಬನು ಹಡಗೇರಿ ಬರಲೆಂದು ಕಾದಿರಲಿಲ್ಲ. ಮುರಕಲ್ಲೆಂದೋ ಕೆಂಪುಕಲ್ಲೆಂದೋ ಕರೆದು, ಅದರಿಂದ ಮನೆ, ಬಾವಿಕಟ್ಟೆ, ತೋಟದ ಪಾಗಾರಗಳನ್ನು ಕಟ್ಟಿಕೊಂಡು ಬಾಳಿದ್ದರು. ಕುಮಟೆಯ ಬಳಿ ಮಿರ್ಜಾನಿನ ಕೋಟೆ ನಿಂತಿರುವುದೂ ಇದೇ ಕಲ್ಲಿನಿಂದ.

ಶಿಲೆಯ ಹುಟ್ಟನ್ನು ವಿಚಾರಿಸುವವರು ಸಾಮಾನ್ಯವಾಗಿ ಪಾತಾಳದತ್ತ ದೃಷ್ಟಿ ಹಾಯಿಸುವರು. ಮುರಕಲ್ಲಿನ ಮಟ್ಟಿಗೆ ಆಕಾಶವನ್ನು ನೋಡುವುದೇ ಯುಕ್ತ. ಅರಬ್ಬೀ ಸಮುದ್ರದ ಆವಿಯನ್ನು ಹೊತ್ತುಬರುವ ನೈರುತ್ಯ ಮಾರುತವು ಘಟ್ಟಕ್ಕೆ ತಾಗಿ ಮೇಲೇರುತ್ತ, ಒತ್ತಡ ಕುಗ್ಗಿದಂತೆ ಹಿಗ್ಗಿ, ಹಿಗ್ಗಿದಂತೆ ತಣಿದು, ಕಡಲಿನಿಂದ ಬಂದ ಉಪ್ಪಿನ ಸೂಕ್ಷ್ಮಕಣಗಳನ್ನು ಆಶ್ರಯಿಸಿ ಮೋಡಗಟ್ಟುತ್ತದೆ; ಅಂತಹ ಮೋಡದ ಹನಿಗಳು ಹತ್ತು ಲಕ್ಷದಷ್ಟು ಕೂಡಿದಲ್ಲದೆ ಒಂದು ಮಳೆಹನಿಯಾಗದು. ಆಗುಂಬೆಯಲ್ಲಿ ಒಂದು ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವುದುಂಟೆಂದರೆ, ಈ ಮಳೆಯ ಕೆಲಸ ಎಷ್ಟಿರಬಹುದೆಂದು ಊಹಿಸಬಹುದು.

ಮಳೆಯ ನೀರು ನಿರಪರಾಧಿಯೆಂದು ನಾವು ಭಾವಿಸುತ್ತೇವೆ. ಗಾಳಿಯಿಂದ ಸ್ವಲ್ಪ, ಕೊಳೆಯುವ ತರಗೆಲೆಗಳ ನಡುವಿನಿಂದ ಅದಕ್ಕಿಂತ ಬಹಳ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗಿ ನೆಲಕ್ಕಿಳಿಯುವ ಅದು, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆಯೇ ಆಗಲಿ, ಬೆಳಗಾವಿಯ ಕಡೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಉಂಟಾದ ಕಪ್ಪುಶಿಲೆಯೇ ಆಗಲಿ, ಪಕ್ಷಪಾತವಿಲ್ಲದೆ ಕರಗಿಸತೊಡಗುತ್ತದೆ. ಸುಣ್ಣ, ಸೋಡಿಯಂ, ಪೊಟ್ಯಾಸಿಯಂಗಳು ಮೊದಲಿಗೆ ಹೊರಡುವುವು; ಸಿಲಿಕವೂ ಬಹುಪಾಲು ಹಳ್ಳಹೊಳೆಗಳ ದಾರಿ ಹಿಡಿದು ಕಡಲು ಸೇರಿ, ಅಲ್ಲಿ ಡಯಾಟಮ್ ಎಂಬ ಸೂಕ್ಷ್ಮಜೀವಿಗಳ ಚಿಪ್ಪಾಗುತ್ತದೆ. ಹೋಗಲೊಲ್ಲದೆ ನಿಲ್ಲುವುವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಷಾಯ ಬಸಿದ ಮೇಲೆ ಉಳಿಯುವ ಚರಟದಂತೆ, ಮುರಕಲ್ಲೆಂಬುದು ಮಳೆ ಕೊಂಡೊಯ್ಯಲಾರದೆ ಬಿಟ್ಟುಹೋದ ಶೇಷ.

ಬರಿಯ ಮಳೆಯಿಂದಲೇ ಇದಾಗದು, ಬೇಸಗೆಯೂ ಬೇಕು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗಾಳಿಯಾಡದ ಕೆಸರಿನಲ್ಲಿ ಕರಗಿದ ಕಬ್ಬಿಣವು, ನೀರಿಳಿದು ಗಾಳಿ ತೂರಿದೊಡನೆ ಆಮ್ಲಜನಕವನ್ನು ಕೂಡಿಕೊಂಡು ಕೆಂಪಾಗಿ ಗರಣೆಗಟ್ಟುವುದು. ಈ ಏರಿಳಿತ ಲಕ್ಷಾಂತರ ವರ್ಷಗಳ ಪರ್ಯಂತ ನಡೆದು, ಕಬ್ಬಿಣದ ಜಾಲವೂ ಅದರ ತೂತುಗಳಲ್ಲಿ ಜೇಡಿಯೂ ತುಂಬಿದ ರಚನೆ ಸಿದ್ಧವಾಗುತ್ತದೆ. ಕೋರೆಯಿಂದ ಹೊರತೆಗೆದ ಕಲ್ಲು ಗಟ್ಟಿಯಾಗುವುದಕ್ಕೂ ಕಾರಣ ಇದೇ ಬಗೆಯದು: ಒಳಗಿನ ತೇವ ಆರಿ ಕಬ್ಬಿಣದ ಆಕ್ಸೈಡುಗಳು ಹರಳುಗಟ್ಟಿದ ಮೇಲೆ, ಮತ್ತೆಷ್ಟು ನೆನೆಸಿದರೂ ಅದು ಮೊದಲಿನ ಮೃದುತ್ವಕ್ಕೆ ಮರಳದು.

ಸುತ್ತಣ ಮೆದುನೆಲವೆಲ್ಲ ಕೊಚ್ಚಿಹೋದ ಮೇಲೂ ಈ ಗಟ್ಟಿ ಹೊದಿಕೆ ನಿಂತುಕೊಂಡುದರಿಂದಲೇ ಮಂಗಳೂರು, ಉಡುಪಿಗಳ ಸುತ್ತಿನ ಗುಡ್ಡಗಳ ನೆತ್ತಿ ಚಪ್ಪಟೆಯಾಗಿದೆ. ಅವುಗಳಿಗೆ ಪದವು ಎನ್ನುವರು. ಹೊದಿಕೆಯ ಅಡಿಯಲ್ಲಿರುವುದು ಶೇಡಿಮಣ್ಣು, ಕಲ್ಲಾಗಿ ಮಾಗದ ಬಿಳಿಹಳದಿ ಜೇಡಿ. ಒಣಗಿದಾಗ ಗಂಭೀರವಾಗಿ ನಿಲ್ಲುವ ಈ ಮಣ್ಣು ನೀರು ಕುಡಿದರೆ ಜಾರತೊಡಗುತ್ತದೆ. ಕಲ್ಲನ್ನು ತೆಗೆದು ಗುಡ್ಡದ ಪಾರ್ಶ್ವವನ್ನು ಕಡಿದಿಟ್ಟವರಿಗೆ ಆಷಾಢದಲ್ಲಿ ಇದರ ಸ್ವಭಾವದ ಪರಿಚಯವಾಗುವುದು.

ಈ ಕಲ್ಲಿನ ತೂತುಗಳನ್ನು ಬಂಟ್ವಾಳ ತಾಲ್ಲೂಕಿನ ಮಾಣಿಲ, ಕಾಸರಗೋಡಿನ ಬಾಯಾರುಗಳ ಕೃಷಿಕರಷ್ಟು ಚೆನ್ನಾಗಿ ಓದಿಕೊಂಡವರು ವಿರಳ. ಸಚ್ಛಿದ್ರವಾದ ಮುರಕಲ್ಲಿನಲ್ಲಿ ಇಳಿದ ಮಳೆಯನ್ನು ಕೆಳಗಣ ಶೇಡಿ ಸುಲಭವಾಗಿ ದಾಟಗೊಡದು. ಗುಡ್ಡದ ಹೊಟ್ಟೆಯಲ್ಲಿ ಹಾಗೆ ತಡೆದ ನೀರಿಗಾಗಿ ಅವರು, ಒಬ್ಬನು ನುಸುಳಿ ನಿಂತು ಪಿಕ್ಕಾಸು ಬೀಸಬಲ್ಲಷ್ಟೇ ಇರುವ ಸುರಂಗವನ್ನು ಅಡ್ಡಲಾಗಿ ಕೊರೆಯುತ್ತಾರೆ. ನೆಲಕ್ಕೆ ಹೊರಮುಖವಾಗಿ ತುಸು ಇಳಿಜಾರಿದ್ದರೆ ಸಾಕು. ಒಸರುವ ನೀರು ಯಂತ್ರದ ಹಂಗಿಲ್ಲದೆ ತೋಟದ ಮೇಲ್ಬದಿಯ ಮಣ್ಣಿನ ಕೆರೆಗೆ ಬಂದು ಬೀಳುವುದು. ಈಚೆಗೆ ಬಂದ ಕೊಳವೆಬಾವಿಯಾದರೋ ಮುರಕಲ್ಲನ್ನೂ ಶೇಡಿಯನ್ನೂ ಭೇದಿಸಿ, ಆ ಭಾಗಕ್ಕೆ ಕೇಸಿಂಗ್ ಇಳಿಸಿ, ಮಳೆಯಿನ್ನೂ ಕರಗಿಸದಿರುವ ತಾಯಿಶಿಲೆಯ ಬಿರುಕುಗಳಲ್ಲಿ ನಿಂತ ನೀರನ್ನು ಎತ್ತುತ್ತದೆ. ಆ ಬಿರುಕುಗಳು ಮರಳಿ ತುಂಬಲು ಒಂದು ಮಳೆಗಾಲ ಸಾಲದಿರುವುದೂ ಉಂಟು.