ಬಲೂನ್ ಮೈಟ್ರಲ್ ವಾಲ್ವೋಟಮಿ

ಬಲೂನ್ ಮೈಟ್ರಲ್ ವಾಲ್ವೋಟಮಿ ಎಂಬುದು ಕಿರಿದಾದ ಮೈಟ್ರಲ್ ಕವಾಟವನ್ನು (ದ್ವಿದಳ ಕವಾಟ) ಎದೆ ತೆರೆಯದೆ, ರಕ್ತನಾಳದ ಮೂಲಕ ಸಾಗಿಸಿದ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ. ಭಾರತದಲ್ಲಿ ಈ ಕವಾಟ ಕಿರಿದಾಗಲು ಮುಖ್ಯ ಕಾರಣ ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರ.

ಹಿನ್ನೆಲೆ

ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಉಂಟಾಗುವ ಗಂಟಲು ನೋವಿಗೆ ಚಿಕಿತ್ಸೆ ದೊರೆಯದಿದ್ದಾಗ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಅನಂತರದ ವರ್ಷಗಳಲ್ಲಿ ಕವಾಟದ ಎರಡು ದಳಗಳ ಅಂಚುಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುವ ಕವಾಟದ ರಂಧ್ರ 1 ಚದರ ಸೆಂಟಿಮೀಟರಿಗಿಂತಲೂ ಕಡಿಮೆಯಾಗಬಹುದು. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ, ಅದುವರೆಗೆ ರೋಗದ ಅರಿವೇ ಇಲ್ಲದ ಯುವತಿಯರಲ್ಲಿ ಮೊದಲ ಬಾರಿಗೆ ಉಸಿರಾಟದ ತೊಂದರೆ ತಲೆದೋರುವುದುಂಟು.

ಶಸ್ತ್ರಚಿಕಿತ್ಸೆಯಿಂದ ಬಲೂನಿಗೆ

1923ರಲ್ಲಿ ಬೋಸ್ಟನ್ನಿನ ಎಲಿಯಟ್ ಕಟ್ಲರ್ ಈ ಕವಾಟದ ಮೇಲೆ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ನಡೆಸಿದರು. 1925ರಲ್ಲಿ ಲಂಡನ್ನಿನ ಹೆನ್ರಿ ಸೂಟರ್ ಬೆರಳಿನಿಂದಲೇ ಕವಾಟವನ್ನು ಬಿಡಿಸಿದರು. ರೋಗಿ ಚೇತರಿಸಿಕೊಂಡರೂ ಅವರ ಬಳಿಗೆ ಇಂತಹ ಇನ್ನೊಬ್ಬ ರೋಗಿಯನ್ನು ಯಾರೂ ಕಳುಹಿಸಲಿಲ್ಲ. ವಿಧಾನ ಮತ್ತೆ ಬಳಕೆಗೆ ಬಂದದ್ದು 1948ರಲ್ಲಿ, ಚಾರ್ಲ್ಸ್ ಬೇಯ್ಲಿ ಮತ್ತು ಡ್ವೈಟ್ ಹಾರ್ಕನ್ ಅವರಿಂದ.

ಬೆರಳಿನ ಕೆಲಸವನ್ನು ಬಲೂನಿಗೆ ವಹಿಸಿದವರು ಜಪಾನಿನ ಹೃದಯ ಶಸ್ತ್ರಚಿಕಿತ್ಸಕ ಕಾಂಜಿ ಇನೌ. 1982ರಲ್ಲಿ ಇದನ್ನು ರೋಗಿಗಳಲ್ಲಿ ಬಳಸಲಾರಂಭಿಸಿದ ಅವರು 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯೊಂದಿಗೆ ಇದರ ನೇರ ಹೋಲಿಕೆ ನಡೆದದ್ದು ಹೈದರಾಬಾದಿನಲ್ಲಿ. 1994ರಲ್ಲಿ ಪ್ರಕಟವಾದ, 60 ರೋಗಿಗಳ ಆ ಅಧ್ಯಯನದಲ್ಲಿ ಮೂರು ವರ್ಷಗಳ ಬಳಿಕ ಕವಾಟದ ಸರಾಸರಿ ವಿಸ್ತೀರ್ಣ ಬಲೂನ್ ಗುಂಪಿನಲ್ಲಿ 2.4 ಹಾಗೂ ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 1.8 ಚದರ ಸೆಂಟಿಮೀಟರ್ ಇತ್ತು.

ವಿಧಾನ

ತೊಡೆಸಂದಿನ ಅಭಿಧಮನಿಯಿಂದ ನಳಿಕೆಯನ್ನು ಬಲ ಹೃತ್ಕರ್ಣಕ್ಕೆ ಒಯ್ದು, ನಡುವಿನ ಭಿತ್ತಿಯಲ್ಲಿ ಸೂಜಿಯಿಂದ ರಂಧ್ರ ಮಾಡಿ ಎಡ ಹೃತ್ಕರ್ಣವನ್ನು ಪ್ರವೇಶಿಸಲಾಗುತ್ತದೆ. ಬಲೂನಿನ ಮುಂಭಾಗ ಮೊದಲು, ಹಿಂಭಾಗ ಅನಂತರ, ನಡು ಕೊನೆಯಲ್ಲಿ ಉಬ್ಬುತ್ತದೆ. ಆದ್ದರಿಂದ ಅದು ಕವಾಟದಿಂದ ಜಾರುವುದಿಲ್ಲ. ಸೆಂಟಿಮೀಟರಿನಲ್ಲಿ ರೋಗಿಯ ಎತ್ತರವನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸಿದರೆ ಬಲೂನಿನ ಅಂದಾಜು ವ್ಯಾಸ ಮಿಲಿಮೀಟರಿನಲ್ಲಿ ದೊರೆಯುತ್ತದೆ: 160 ಸೆಂಟಿಮೀಟರ್ ಎತ್ತರದವರಿಗೆ 26.

ರಕ್ತದ ಹೆಪ್ಪು ಮತ್ತು ಬೆಂಗಳೂರಿನ ಅಧ್ಯಯನ

ರಕ್ತ ಸರಾಗವಾಗಿ ಮುಂದಕ್ಕೆ ಹರಿಯದ ಕಾರಣ ಎಡ ಹೃತ್ಕರ್ಣದಲ್ಲಿ ಹೆಪ್ಪು ಕಟ್ಟುವುದು ಈ ರೋಗದಲ್ಲಿ ಸಾಮಾನ್ಯ. ನಳಿಕೆ ತಗುಲಿ ಹೆಪ್ಪಿನ ತುಣುಕೊಂದು ಕಳಚಿದರೆ ಮೆದುಳಿಗೆ ಹರಿದು ಪಾರ್ಶ್ವವಾಯು ಉಂಟಾಗಬಹುದು. ಆದ್ದರಿಂದ ಹೆಪ್ಪು ಇರುವವರಿಗೆ ಬಲೂನ್ ಚಿಕಿತ್ಸೆ ನಿಷಿದ್ಧವೆಂದೇ ಪರಿಗಣಿಸಲಾಗಿತ್ತು. ರಕ್ತ ಹೆಪ್ಪುರೋಧಕ ಔಷಧಿಯಿಂದ ಅದು ಕರಗದಿದ್ದರೆ ತೆರೆದ ಹೃದಯ ಶಸ್ತ್ರಚಿಕಿತ್ಸೆಯೇ ಗತಿ.

ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಸಿ. ಎನ್. ಮಂಜುನಾಥ್ ಮತ್ತು ಸಹೋದ್ಯೋಗಿಗಳು ಈ ನಿಷೇಧವನ್ನು ಮರುಪರಿಶೀಲಿಸಿ 2009ರಲ್ಲಿ ಅಧ್ಯಯನ ಪ್ರಕಟಿಸಿದರು. ಎಲ್ಲ ಹೆಪ್ಪುಗಳೂ ಒಂದೇ ಬಗೆಯ ಅಪಾಯ ಒಡ್ಡುವುದಿಲ್ಲ ಎಂಬುದು ಅವರ ವಾದದ ತಿರುಳು. ಅನ್ನನಾಳದ ಮೂಲಕ ಮಾಡುವ ಎಕೋ ಪರೀಕ್ಷೆಯಲ್ಲಿ ಕಂಡ ಸ್ಥಾನಕ್ಕೆ ಅನುಗುಣವಾಗಿ ಅವರು ಹೆಪ್ಪುಗಳನ್ನು ವರ್ಗೀಕರಿಸಿದರು. ಹೃತ್ಕರ್ಣದ ಕಿವಿಯಂಥ ಉಪಾಂಗದಲ್ಲಿ ನೆಲೆಸಿದ ಹೆಪ್ಪು ಇರುವವರು ಚಿಕಿತ್ಸೆಗೆ ಅರ್ಹರಾದರು. ನಡುಭಿತ್ತಿಗೆ ಅಂಟಿದ ಅಥವಾ ಅಲುಗಾಡುವ ಹೆಪ್ಪು ಇರುವವರನ್ನು ಕೈಬಿಡಲಾಯಿತು. ಮಾರ್ಗದರ್ಶಕ ತಂತಿಯನ್ನು ಎಡ ಹೃತ್ಕುಕ್ಷಿಗೆ ದಾಟಿಸಿ, ಅದರ ಮೇಲೆ ಬಲೂನನ್ನು ಸಾಗಿಸುವುದರಿಂದ ಹೃತ್ಕರ್ಣದೊಳಗಿನ ಚಲನೆ ತಗ್ಗುತ್ತದೆ. ಅನುಭವಿ ಕೈಗಳಿಗೆ ಮಾತ್ರ ಸಲ್ಲುವ ವಿಧಾನವಿದು.

ಮಿತಿಗಳು

ದಳಗಳಲ್ಲಿ ಸುಣ್ಣದ ಅಂಶ ಹೆಚ್ಚಾಗಿ ಶೇಖರವಾಗಿದ್ದರೆ ಬಲೂನಿನಿಂದ ಪ್ರಯೋಜನ ಕಡಿಮೆ. ದಳ ಹರಿದು ರಕ್ತ ಹಿಮ್ಮುಖವಾಗಿ ಸೋರಿದರೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಲೂನ್ ಕವಾಟವನ್ನು ಬಿಡಿಸುತ್ತದೆಯೇ ಹೊರತು ಮೂಲ ರೋಗವನ್ನು ಗುಣಪಡಿಸುವುದಿಲ್ಲ. ಕವಾಟ ಮತ್ತೆ ಕಿರಿದಾಗಬಹುದು. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ನೀಡಲಾಗುತ್ತದೆ. ಬಲೂನ್ ಚಿಕಿತ್ಸೆಗೆ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯೇ ಬೇಕು. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಅಥವಾ ನೆಲಮಂಗಲದ ರೋಗಿ ಈ ಚುಚ್ಚುಮದ್ದಿಗಾಗಿ ಪ್ರತಿ ಬಾರಿಯೂ ಬೆಂಗಳೂರಿಗೆ ಬರಬೇಕಾದ ಅಗತ್ಯವಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೂ ನೀಡಬಹುದು.